ಮೇಷ್ಟ್ರ ಮನೆಯಿಂದ ಹೊರಟ ಬಾನುಲಿ

ಹಾರೂಗೇರಿ ಸೀಮೆಯಲ್ಲಿ ಮೀಡಿಯಂ ವೇವ್ ರೇಡಿಯೊದ ಮುಳ್ಳು ತಿರುಗಿಸುವವರಿಗೆ ಎರಡು ಅಂಕಿ ಬಾಯಿಪಾಠ: 765 ಅಂದರೆ ಧಾರವಾಡ, 1251 ಅಂದರೆ ಸಾಂಗ್ಲಿ. ಒಂದರಲ್ಲಿ ವಚನ, ಖ್ಯಾಲ್. ಇನ್ನೊಂದರಲ್ಲಿ ಮರಾಠಿ ನಾಟ್ಯಗೀತೆ. ಸಂಗೀತ ಶಾಲೆಯ ಮೆಟ್ಟಿಲು ತುಳಿಯದವರಿಗೂ ರಾಗಗಳ ರುಚಿ ಹತ್ತಿದ್ದು ಹೀಗೆ. ಬಾನುಲಿ ಎಂದರೆ ಸರ್ಕಾರದ್ದು ಎಂಬುದು ನಮಗೆ ರೂಢಿ. ಕನ್ನಡ ನಾಡಿನಲ್ಲಿ ಮಾತ್ರ ಅದು ಶುರುವಾದದ್ದು ಕಾಲೇಜು ಮೇಷ್ಟ್ರೊಬ್ಬರ ಮನೆಯಲ್ಲಿ.

ಎಂ.ವಿ. ಗೋಪಾಲಸ್ವಾಮಿ ಮೈಸೂರು ವಿಶ್ವವಿದ್ಯಾಲಯದ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಪ್ರಸಾರ ಆರಂಭಿಸಿದರು. ಪ್ರೇಷಕದ ಶಕ್ತಿ ಬರೀ 30 ವ್ಯಾಟ್. ಖರ್ಚೂ ಮೊದಮೊದಲು ಅವರದೇ. ‘ಆಕಾಶವಾಣಿ’ ಎಂಬ ಹೆಸರು ಚಾಲ್ತಿಗೆ ಬಂದದ್ದು ಇಲ್ಲಿಂದ, ಸಾಹಿತಿ ನಾ. ಕಸ್ತೂರಿ ಈ ಸಾಹಸದಲ್ಲಿ ಜೊತೆಗಿದ್ದರು. 1942ರಲ್ಲಿ ಸಂಸ್ಥಾನ ಅದನ್ನು ವಹಿಸಿಕೊಂಡಿತು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು.

ಉತ್ತರ ಕರ್ನಾಟಕಕ್ಕೆ ಧಾರವಾಡ ಕೇಂದ್ರ ದೊರೆತದ್ದು 1950ರ ಜನವರಿ 8ರಂದು. ಕರ್ನಾಟಕ ವಿಶ್ವವಿದ್ಯಾಲಯ ಮುಂಬೈನಿಂದ ಧಾರವಾಡಕ್ಕೆ ಬಂದದ್ದೂ ಅದೇ ವರ್ಷ. ಎರಡು ಸಂಸ್ಥೆಗಳ ಆಡಳಿತ ಬೇರೆ ಬೇರೆಯಾದರೂ ಗುರುಗಳು ಒಬ್ಬರೇ. ಮಲ್ಲಿಕಾರ್ಜುನ ಮನಸೂರರು ಬಾನುಲಿಗೆ ಸಂಗೀತ ಸಲಹೆಗಾರರಾಗಿದ್ದರು, ವಿಶ್ವವಿದ್ಯಾಲಯದ ಸಂಗೀತ ವಿಭಾಗವನ್ನೂ ನಡೆಸಿದರು. ಗಂಗೂಬಾಯಿ ಹಾನಗಲ್ಲರು ಅಲ್ಲಿ ಗೌರವ ಪ್ರಾಧ್ಯಾಪಕಿಯಾಗಿದ್ದರು.

ಸ್ಟುಡಿಯೊ ಗಾಯಕರಿಗೆ ಹೊಸ ಶಿಸ್ತು ಕಲಿಸಿತು. ಬೈಠಕ್ಕಿನಲ್ಲಿ ಒಂದು ರಾಗಕ್ಕೆ ತಾಸೆಂಬುದು ಏನೂ ಅಲ್ಲ. ಕೇಳುವವರು ತಲೆದೂಗಿದಷ್ಟೂ ಬಡಾಖ್ಯಾಲ್ ಬೆಳೆಯುತ್ತದೆ. ಇಲ್ಲಿ ಎದುರಿಗೆ ತಲೆದೂಗುವವರಿಲ್ಲ, ಗೋಡೆಯ ಮೇಲೆ ಗಡಿಯಾರವಿದೆ. ತಂಬೂರಿ ಮೊದಲೇ ಶ್ರುತಿಗೂಡಿರಬೇಕು. ಕೆಂಪು ದೀಪ ಹತ್ತಿತೆಂದರೆ ಷಡ್ಜ ಹಿಡಿಯಬೇಕು. ಅರ್ಧ ತಾಸಿನೊಳಗೆ ವಿಲಂಬಿತ ಮುಗಿದು ದ್ರುತ್ ದಡ ಸೇರಬೇಕು. ಆಲಾಪ ಎಲ್ಲಿಗೆ ನಿಲ್ಲಿಸಬೇಕು, ತಾನ್ ಎಷ್ಟು ಹಾಕಬೇಕು ಎಂಬ ಲೆಕ್ಕಾಚಾರ ಹಾಡುಗಾರಿಕೆಯ ಭಾಗವೇ ಆಯಿತು. ಭೈರವಕ್ಕೆ ಬೆಳಗು, ಯಮನ್‌ಗೆ ಸಂಜೆ ಎಂಬ ನೇಮವಂತೂ ಪ್ರಸಾರದ ವೇಳೆಗೆ ಸಲೀಸಾಗಿ ಹೊಂದಿಕೊಂಡಿತು.

ಮೇಷ್ಟ್ರ ಮನೆಯಿಂದ ಸರ್ಕಾರದ ಕೈಗೆ ಹೋದ ಬಾನುಲಿ ಮುಂದೆ ಮತ್ತೆ ಮೇಷ್ಟ್ರುಗಳತ್ತ ತಿರುಗಿತು: ವಿದ್ಯಾಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಬಾಗಿಲು ತೆರೆದದ್ದು 2002ರಲ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ತನ್ನ ಕೇಂದ್ರ ಆರಂಭಿಸಿ ರೈತರೊಡನೆ ಮಾತಿಗಿಳಿಯಿತು. ಇಂಥ ಕೇಂದ್ರಗಳ ಧ್ವನಿ ಹತ್ತು–ಹದಿನೈದು ಕಿಲೋಮೀಟರ್ ಹೋಗುತ್ತದೆ. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳೀಯವಾಗಿ ತಯಾರಾಗಿರಬೇಕು ಎಂಬುದು ನಿಯಮ.

ರಾಯಬಾಗ–ಅಥಣಿ ಕಡೆ ಆ ನಿಯಮ ಭಾರವಾಗಲಾರದು. ಊರೂರಿಗೆ ಭಜನಾ ಮಂಡಳಿಗಳಿವೆ. ತಂಬೂರಿ, ಸಿತಾರ್ ತಯಾರಿಸುವ ಮನೆತನಗಳ ಮೀರಜ್ ಪಕ್ಕದಲ್ಲೇ ಇದೆ. ಇಲ್ಲಿನ ಕಾಲೇಜೊಂದು ಮನಸ್ಸು ಮಾಡಿದರೆ ಊರಿನವರ ಕಂಠದಲ್ಲೇ ಊರಿಗೆ ರಾಗ ಕೇಳಿಸಬಹುದು. ಇಂದು ಸಿಗುವ ಅನುಮತಿ 100 ವ್ಯಾಟ್‌ನದು. ಗೋಪಾಲಸ್ವಾಮಿ ಮೇಷ್ಟ್ರು 30ರಲ್ಲೇ ಆರಂಭಿಸಿದ್ದರು.