ಎರೆ ನೆಲದಲ್ಲಿ ಪಾಯ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿ ಗೋಡೆ ನೋಡಿಯೇ ಅದರ ಕೆಳಗಿನ ನೆಲ ಯಾವುದೆಂದು ಹೇಳುವ ಗೌಂಡಿಗಳಿದ್ದಾರೆ. ಕಿಟಕಿಯ ಮೂಲೆಯಿಂದ ಹೊರಟು, ಇಟ್ಟಿಗೆಯ ಸಂದು ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿದ ಸೀಳು ಕಂಡರೆ ಅದು ಎರೆ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಹಸ್ತ, ಚಿತ್ತಿ ಮಳೆಯ ಹೊತ್ತಿಗೆ ಚೌಕಟ್ಟಿಗೆ ಕಚ್ಚಿಕೊಂಡರೆ ಅದೂ ಎರೆಯ ಗುರುತು. ಕಟ್ಟಿಗೆ ಉಬ್ಬಿದೆ ಎಂದುಕೊಂಡು ಬಡಿಗೇರನನ್ನು ಕರೆಸಿ ಬಾಗಿಲು ಕೆತ್ತಿಸುತ್ತಾರೆ. ಹಲವು ಸಲ ಓರೆಯಾಗಿರುವುದು ಬಾಗಿಲಲ್ಲ, ಚೌಕಟ್ಟು. ಅಷ್ಟೇ ಖರ್ಚಿನಲ್ಲಿ ಕಟ್ಟಿದ ಮನೆ ಕೆಂಪು ಮಸಾರಿ ನೆಲದಲ್ಲಿ ಕೂದಲೆಳೆಯಷ್ಟೂ ಬಿರಿಯದೆ ನಿಂತಿರುತ್ತದೆ.

ಗೋಡೆ ಸೀಳಿದ ಕೂಡಲೇ ಸಿಮೆಂಟು ಕಡಿಮೆ ಹಾಕಿದರೆಂಬ ಮಾತು ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಎರೆ ನೆಲದ ಮನೆಗಳಲ್ಲಿ ಬಹುಪಾಲು ಸೀಳುಗಳ ಮೂಲ ಗೋಡೆಯಲ್ಲಿಲ್ಲ. ಗೋಡೆಯ ಕೆಳಗೆ ಹೋಗಿ ಬರುವ ನೀರಿನಲ್ಲಿದೆ.

ಕೊಪ್ಪಳ ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಆಗುಂಬೆಯಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಆದರೂ ನೆಲ ಏಳುಬೀಳಾಗಿ ಮನೆ ಸೀಳುವ ಕಾಟ ಹೆಚ್ಚಿರುವುದು ಬಯಲುಸೀಮೆಯಲ್ಲೇ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಪದರ ಪದರವಾಗಿರುತ್ತದೆ. ನೀರು ಈ ಪದರಗಳ ನಡುವೆ ನುಗ್ಗಿದಾಗ ಮಣ್ಣು ಉಬ್ಬುತ್ತದೆ, ಆರಿದಾಗ ಕುಗ್ಗಿ ಬಾಯ್ಬಿಡುತ್ತದೆ. ಸದಾ ಹಸಿಯಾಗಿರುವ ಎರೆಯಿಂದ ಮನೆಗೆ ಅಂಥ ಅಪಾಯವಿಲ್ಲ, ಸದಾ ಒಣಗಿರುವ ಎರೆಯಿಂದಲೂ ಇಲ್ಲ. ಎಂಟು ತಿಂಗಳು ಬಿಸಿಲು, ನಾಲ್ಕು ತಿಂಗಳು ಮಳೆ ಎಂಬ ಈ ಸರದಿಯೇ ಗೋಡೆಯನ್ನು ಹರಿಯುವುದು.

ಅದರಲ್ಲೂ ಮನೆಯ ಕೆಳಗಿನ ನೆಲವೆಲ್ಲ ಒಂದೇ ಸಮ ಏಳುವುದಿಲ್ಲ, ಇಳಿಯುವುದಿಲ್ಲ. ನಡುಮನೆಯ ಕೆಳಗಿನ ಮಣ್ಣಿಗೆ ಬಿಸಿಲು ತಾಗದ ಕಾರಣ ಅಲ್ಲಿನ ಹಸಿ ಹಾಗೇ ಉಳಿಯುತ್ತದೆ. ಹೊರಗೋಡೆಯ ಅಂಚಿನ ಮಣ್ಣು ಏಪ್ರಿಲ್‌ನಲ್ಲಿ ಕುಗ್ಗಿ, ಸೆಪ್ಟೆಂಬರ್‌ನಲ್ಲಿ ಉಬ್ಬುತ್ತದೆ. ನಡುಭಾಗ ನಿಂತಲ್ಲೇ ನಿಂತು ಮೂಲೆಗಳು ಮಾತ್ರ ಕುಸಿದಾಗ ಗೋಡೆಯ ಮೇಲ್ಭಾಗ ಹೆಚ್ಚು ಬಿರಿಯುತ್ತದೆ. ಕೆಳಗೆ ಸಣ್ಣದಾಗಿದ್ದು ಮೇಲಕ್ಕೆ ಹೋದಂತೆ ಅಗಲವಾಗುವ ಓರೆ ಸೀಳು ಮೂಲೆ ಕೂತಿದೆ ಎಂಬುದನ್ನು ತೋರಿಸುತ್ತದೆ.

ಹಳೆಯ ಮನೆಗಳಿಗೆ ಈ ತೊಂದರೆ ಇರಲಿಲ್ಲವೇ ಎಂದು ಕೇಳುವವರುಂಟು. ಇತ್ತು, ಆದರೆ ಆ ಮನೆಗಳು ಅದನ್ನು ನುಂಗಿಕೊಳ್ಳುತ್ತಿದ್ದವು. ಎರಡಡಿ ದಪ್ಪದ ಕಲ್ಲಿನ ಗೋಡೆಯಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಇದ್ದದ್ದು ಮಣ್ಣು. ಅದು ಚೂರು ಸರಿದರೂ ಗೋಡೆ ತಾಳುತ್ತಿತ್ತು, ಬಿಟ್ಟ ಬಾಯಿಯನ್ನು ವರ್ಷಕ್ಕೊಮ್ಮೆ ಸಾರಣೆ ಮುಚ್ಚುತ್ತಿತ್ತು. ಆ ಮನೆಗಳ ದುರ್ಬಲ ಜಾಗ ಬೇರೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಮೇಲೆ ಬಿಡದೆ ಸುರಿದ ಮಳೆಗೆ ನೆನೆದ ಮಣ್ಣಿನ ಮಾಳಿಗೆಗಳು, ಗೋಡೆಗಳು ಸಾಲುಸಾಲಾಗಿ ಕುಸಿದವು. ಮಾಳಿಗೆ ಬಿಟ್ಟು ಆರ್‌ಸಿಸಿಗೆ ಬರುವುದು ಸರಿಯಾದ ಹೆಜ್ಜೆಯೇ. ಆದರೆ ಕಾಂಕ್ರೀಟು ಹಳೆಯ ಗೋಡೆಯಂತೆ ಬಾಗುವುದಿಲ್ಲ, ಸರಿಯುವುದೂ ಇಲ್ಲ. ಹಾಗಾಗಿ ಕೆಳಗಿನ ನೆಲದ ಲೆಕ್ಕ ಮೊದಲಿಗಿಂತ ಹೆಚ್ಚು ಬಿಗಿಯಾಗಿರಬೇಕು. ಅಷ್ಟನ್ನು ಮರೆತರೆ ಹೊಸ ಮನೆ ಹಳೆಯದಕ್ಕಿಂತ ಮೊದಲೇ ಸೀಳುತ್ತದೆ.

ನೆಲದ ಗುಣ ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಭಾರತೀಯ ಮಾನಕ 2720ರ 40ನೇ ಭಾಗದಲ್ಲಿ ಹೇಳಿರುವ ಪರೀಕ್ಷೆಗೆ ಎರಡು ಗಾಜಿನ ಅಳತೆ ಜಾಡಿ ಸಾಕು. ಒಣಗಿಸಿ, ಪುಡಿ ಮಾಡಿ, ನಯವಾಗಿ ಜರಡಿ ಹಿಡಿದ ಮಣ್ಣನ್ನು ಎರಡಕ್ಕೂ 10 ಗ್ರಾಂನಂತೆ ಹಾಕಿ, ಒಂದಕ್ಕೆ ಸೀಮೆಎಣ್ಣೆ, ಇನ್ನೊಂದಕ್ಕೆ ಭಟ್ಟಿ ಇಳಿಸಿದ ನೀರು ತುಂಬಿ, ಕಲಕಿ, ಕನಿಷ್ಠ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ 10 ಮಿ.ಲೀ. ಗೆರೆಗೆ ನಿಂತ ಮಣ್ಣು ನೀರಿನಲ್ಲಿ 18ಕ್ಕೆ ಏರಿದ್ದರೆ ಉಬ್ಬರ ಶೇ 80 ಎಂದಾಯಿತು. ಶೇ 50 ದಾಟಿದ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕುವುದು ಮನೆಯ ಗೋಡೆಯನ್ನು ಮಳೆಯ ಕೈಗೆ ಕೊಟ್ಟಂತೆ. ಮಣ್ಣು ಪರೀಕ್ಷೆಯ ಲ್ಯಾಬ್ ಇರುವ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್‌ಗಳಲ್ಲಿ ಇದನ್ನು ಮಾಡಿಸಬಹುದು. ಮನೆಯ ಮುಂಭಾಗಕ್ಕೆ ಬಣ್ಣದ ಕಲ್ಲು ಹುಡುಕಲು ಕುಷ್ಟಗಿ, ಇಳಕಲ್ಲಿನವರೆಗೆ ಹೋಗಿಬರುವವರು ಪಾಯದ ಮಣ್ಣನ್ನು ಒಂದು ಚೀಲದಲ್ಲಿ ತೆಗೆದುಕೊಂಡು ಹೋಗುವುದು ಅಪರೂಪ. ಈ ಭಾಗದ ಮನೆಗಳಿಗೆ ಆಗುತ್ತಿರುವ ದೊಡ್ಡ ಅನ್ಯಾಯ ಇಲ್ಲಿಂದಲೇ ಶುರುವಾಗುತ್ತದೆ.

ಇನ್ನು ಪಾಯ. ಎರೆ ಕಂಡರೆ ಅಗಲ ಅಗೆಯಿರಿ ಎಂಬುದು ರೂಢಿಯ ಮಾತು. ಮೆತ್ತಗಿನ ನೆಲಕ್ಕೆ ಇದು ಸರಿ, ಉಬ್ಬುವ ನೆಲಕ್ಕೆ ಅರೆಬರೆ. ಕೆಲವು ಎರೆಮಣ್ಣುಗಳು ಉಬ್ಬುವಾಗ ಚದರ ಮೀಟರಿಗೆ 20 ಟನ್‌ಗೂ ಮಿಕ್ಕ ಒತ್ತಡ ಹಾಕುತ್ತವೆ. ಒಂದಂತಸ್ತಿನ ಮನೆ ಪಾಯದ ಮೇಲೆ ಹೇರುವ ಭಾರ ಸಾಮಾನ್ಯವಾಗಿ ಅದರ ಅರ್ಧವೂ ಇರದು. ಪಾಯ ಅಗಲವಾದಷ್ಟೂ ಆ ಭಾರ ಇನ್ನೂ ಹರಡಿ ಹಗುರಾಗುತ್ತದೆ. ಮೂರಂತಸ್ತಿನ ಕಟ್ಟಡಕ್ಕಿಂತ ಎರಡು ಕೋಣೆಯ ಬಡವರ ಮನೆ ಎರೆಯಲ್ಲಿ ಹೆಚ್ಚು ಒದ್ದಾಡುವುದಕ್ಕೆ ಕಾರಣ ಇದೇ.

ಎರೆ ತೆಳುವಾಗಿದ್ದು ನಾಲ್ಕೈದು ಅಡಿಗೆ ಗರಸು ಸಿಗುವ ಕಡೆ ಗರಸಿನವರೆಗೂ ಅಗೆದು ಅಲ್ಲಿಂದ ಕಟ್ಟುವುದು ಎಲ್ಲಕ್ಕಿಂತ ಒಳ್ಳೆಯದು. ಎರೆ ಆಳವಾಗಿದ್ದರೆ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ ಅಂಡರ್‌ರೀಮ್ಡ್ ಪೈಲ್ ಇದೆ. ಕೈಯಿಂದ ತಿರುಗಿಸುವ ಬೈರಿಗೆಯಿಂದಲೇ ಸುಮಾರು 3.5 ಮೀಟರ್ ಆಳದ ತೂತು ಕೊರೆದು, ತಳದ ಹತ್ತಿರ ಅದನ್ನು ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣದ ಸಳಿ ಇಳಿಸಿ ಕಾಂಕ್ರೀಟು ತುಂಬುತ್ತಾರೆ. ಬಿಸಿಲು ಮಳೆಯ ಆಟ ಅಷ್ಟು ಆಳಕ್ಕೆ ಹೆಚ್ಚು ಇಳಿಯುವುದಿಲ್ಲ. ಮೇಲಿನ ಮಣ್ಣು ಎಷ್ಟೇ ಎತ್ತಿದರೂ ಕೆಳಗಿನ ಗಡ್ಡೆ ಕಂಬವನ್ನು ಹಿಡಿದಿಡುತ್ತದೆ. ಕಂಬಗಳ ತಲೆ ಕಟ್ಟುವ ಬೀಮ್‌ನ ಕೆಳಗೆ ಕನಿಷ್ಠ 80 ಮಿ.ಮೀ. ಖಾಲಿ ಬಿಡಬೇಕೆಂದು ಇಂಥ ಪೈಲ್‌ಗಳ ಭಾರತೀಯ ಮಾನಕ ಹೇಳುತ್ತದೆ. ಎಷ್ಟೋ ಕಡೆ ಕೆಲಸ ಕೆಡುವುದು ಈ ಸಣ್ಣ ಜಾಗದಲ್ಲಿ. ಸಂದು ಯಾಕೆ ಎಂದು ಯಾರೋ ಮಣ್ಣು ತುರುಕಿಬಿಡುತ್ತಾರೆ. ಮುಂದಿನ ಮಳೆಗೆ ಆ ಮಣ್ಣೇ ಬೀಮ್ ಎತ್ತುತ್ತದೆ.

ಮೂರನೆಯ ದಾರಿ ನಮ್ಮ ಕಾಲುವೆಗಳಿಂದ ಬಂದದ್ದು. ಮಲಪ್ರಭಾ ಕಾಲುವೆಯ ಹಾಸು ಎರೆ ನೆಲದಲ್ಲಿ ಎದ್ದು ಒಡೆಯುತ್ತಿದ್ದ ಸಮಸ್ಯೆಗೆ ಮುಂಬಯಿ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಕಂಡುಕೊಂಡ ಪರಿಹಾರವೆಂದರೆ ಉಬ್ಬದ ಜಿಗುಟು ಮಣ್ಣಿನ ಪದರ. ಎರೆಯ ಮೇಲೆ ಸುಮಾರು ಒಂದು ಮೀಟರ್ ದಪ್ಪಕ್ಕೆ ಅಂಟುಗುಣವಿರುವ, ಆದರೆ ಉಬ್ಬದ ಗರಸಿನಂಥ ಮಣ್ಣನ್ನು ತೆಳುಪದರಗಳಲ್ಲಿ ಹಾಕಿ ದಮ್ಮಸು ಮಾಡಿದರೆ ಕೆಳಗಿನ ಎರೆ ಅಲುಗಾಟ ಬಿಡುತ್ತದೆ. ಇಲ್ಲಿ ಉಸುಕು ನಡೆಯುವುದಿಲ್ಲ. ಪಾಯದ ಗುಂಡಿಗೆ ಉಸುಕು ತುಂಬುವ ರೂಢಿ ಎರೆಯಲ್ಲಿ ಅಪಾಯಕಾರಿ, ಏಕೆಂದರೆ ಸುತ್ತಲಿನ ಮಳೆನೀರೆಲ್ಲ ಆ ಉಸುಕಿಗೇ ಇಳಿದು ಪಾಯದಡಿ ನಿಲ್ಲುತ್ತದೆ.

ಊರೊಳಗಿನ ಹಳೆಯ ಜಾಗದಲ್ಲಿ ಕಟ್ಟುವವರಿಗೆ ಇನ್ನೊಂದು ಎಚ್ಚರ ಬೇಕು: ಜೋಳ ತುಂಬಿಡುತ್ತಿದ್ದ ಹಗೇವು. ಬಾಯಿ ಮುಚ್ಚಿ ಮರೆತ ಹಗೇವುಗಳು ನೆಲದಡಿ ಟೊಳ್ಳಾಗಿ ಉಳಿದಿರುತ್ತವೆ. ಪಕ್ಕದ ಗದಗ ಜಿಲ್ಲೆಯ ನರಗುಂದದಲ್ಲಿ 2019–20ರ ಸುಮಾರಿಗೆ ಮನೆಗಳ ಒಳಗೂ ಬೀದಿಗಳಲ್ಲೂ ನೆಲ ಕುಸಿದಾಗ ಹಳೆಯ ಹಗೇವುಗಳು ಮತ್ತು ಮೇಲೇರಿದ ಅಂತರ್ಜಲದ ಹೆಸರೇ ಮೊದಲು ಕೇಳಿಬಂತು. ಓಣಿಯ ಹಿರಿಯರನ್ನು ಕೇಳಿ, ಹಾರೆ ಬಡಿದು ನೋಡಿ, ಟೊಳ್ಳು ಸಿಕ್ಕರೆ ಗರಸು ತುಂಬಿ ಗಟ್ಟಿ ಮಾಡಿಯೇ ಮುಂದುವರಿಯಬೇಕು.

ಮಳೆಗಾಲದಲ್ಲಿ ಕೆಲಸ ನಿಲ್ಲಿಸಬೇಕೆಂದೇನಿಲ್ಲ, ಆದರೆ ಅಗೆದ ಗುಂಡಿಯನ್ನು ತೆರೆದಿಡಬಾರದು. ಬಿಸಿಲಿಗೆ ಬಿಟ್ಟರೆ ತಳ ಬಿರಿಯುತ್ತದೆ, ಮಳೆಗೆ ಬಿಟ್ಟರೆ ರಾಡಿಯಾಗುತ್ತದೆ. ಅಗೆದ ದಿನವೇ ಬೆಡ್ ಕಾಂಕ್ರೀಟು ಬೀಳಬೇಕು. ನೀರು ತುಂಬಿದ್ದರೆ ಪಂಪ್ ಹಚ್ಚಿ ತೆಗೆದರೆ ಸಾಲದು, ಮೆತ್ತಗಾದ ಮಣ್ಣನ್ನೂ ಕೆರೆದು ತೆಗೆಯಬೇಕು. ಎಂ20 ಕಾಂಕ್ರೀಟಿನಲ್ಲಿ 50 ಕೆ.ಜಿ. ಸಿಮೆಂಟು ಚೀಲಕ್ಕೆ 27 ಲೀಟರಿನಷ್ಟು ನೀರು ಸಾಕು. ಮಳೆಯಲ್ಲಿ ನೆನೆದ ಉಸುಕು, ಖಡಿಯಲ್ಲಿರುವ ನೀರೂ ಈ ಲೆಕ್ಕಕ್ಕೇ ಸೇರಬೇಕು. ಒದ್ದೆ ಉಸುಕು ಬುಟ್ಟಿಯಲ್ಲಿ ಉಬ್ಬಿ ತುಂಬಿದಂತೆ ಕಾಣುವುದರಿಂದ ಬುಟ್ಟಿ ಲೆಕ್ಕವೂ ತಪ್ಪುತ್ತದೆ. ಸ್ಲ್ಯಾಬ್ ಹಾಕುವ ದಿನ ತಾಡಪತ್ರಿ ಮೊದಲೇ ಬಂದಿರಬೇಕು. ಮಳೆಗಾಲವೆಂದು ಕ್ಯೂರಿಂಗ್‌ಗೆ ರಜೆ ಇಲ್ಲ: ಕನಿಷ್ಠ ಏಳು ದಿನ, ಪಿಪಿಸಿ ಸಿಮೆಂಟಾದರೆ ಅಥವಾ ಬಿಸಿಲು ಹೆಚ್ಚಿದ್ದರೆ ಹತ್ತು ದಿನಕ್ಕೆ ಕಡಿಮೆ ಇಲ್ಲದಂತೆ ನೀರುಣಿಸಬೇಕು. ಪಾಯದ ಸಳಿಗೆ 50 ಮಿ.ಮೀ. ಕಾಂಕ್ರೀಟಿನ ಹೊದಿಕೆ ಇರಲೇಬೇಕು. ಗಂಗಾವತಿಯ ಕಾಲುವೆ ಸೀಮೆಯಂಥ ಸವಳು ನೆಲದಲ್ಲಿ ಉಪ್ಪು ಸಳಿಯನ್ನು ತಿನ್ನುತ್ತದೆ. ಅಲ್ಲಿ ಬೋರ್‌ವೆಲ್ ನೀರನ್ನು ಪರೀಕ್ಷಿಸದೆ ಕಾಂಕ್ರೀಟಿಗೆ ಬಳಸಬಾರದು. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ. ಮೀರಕೂಡದು.

ಮನೆ ಮುಗಿದ ಮೇಲೂ ನೀರಿನ ಕಾವಲು ಮುಗಿಯದು. ಸ್ಲ್ಯಾಬಿನ ನೀರು ಪೈಪಿನಿಂದ ನೇರ ಗೋಡೆಯ ಬುಡಕ್ಕೆ ಬೀಳುವ ಮನೆಗಳು ಊರ ತುಂಬ ಇವೆ. ಬಚ್ಚಲು ನೀರು ಹಿತ್ತಲಿನ ಗುಂಡಿಯಲ್ಲಿ ಇಂಗಿದರೆ ಮನೆಯ ಒಂದು ಮೂಲೆ ವರ್ಷವಿಡೀ ಹಸಿ, ಉಳಿದ ಮೂರು ಒಣ. ಸುತ್ತಲೂ ಮೂರು ನಾಲ್ಕು ಅಡಿ ಅಗಲ, ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟು ಹಾಸಿ ಚರಂಡಿ ಕೂಡಿಸಿದರೆ ಅರ್ಧ ಕಾಟ ತಪ್ಪುತ್ತದೆ. ಗೋಡೆಗೆ ಹೊಂದಿ ಬೆಳೆದ ಬೇವಿನ ಗಿಡ ಬೇಸಿಗೆಯಲ್ಲಿ ಪಾಯದಡಿಯ ಹಸಿಯನ್ನೇ ಹೀರುತ್ತದೆ. ಎರೆಯಂಥದೇ ಮಣ್ಣಿರುವ ಅಮೆರಿಕದ ಟೆಕ್ಸಾಸ್‌ನಲ್ಲಿ ನೆಲದ ಹಸಿ ಏರುಪೇರಾಗದಿರಲೆಂದು ಬೇಸಿಗೆಯಲ್ಲಿ ಮನೆಯ ಸುತ್ತ ತೂತಿನ ಪೈಪು ಹಾಸಿ ಪಾಯಕ್ಕೆ ನೀರುಣಿಸುವವರಿದ್ದಾರೆ.

ಇದೆಲ್ಲಕ್ಕೂ ಹಣ ಬೇಕು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಶುರುವಾದಾಗ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ, ಗುಡ್ಡಗಾಡು ಮತ್ತು ದುರ್ಗಮ ಪ್ರದೇಶಕ್ಕೆ 1.30 ಲಕ್ಷ ಎಂದು ನಿಗದಿಯಾಯಿತು. ಆ ಲೆಕ್ಕದಲ್ಲಿ ಯಲಬುರ್ಗಾದ ಎರೆಯೂ ಬಯಲು, ಕೊಪ್ಪಳದ ಮಸಾರಿಯೂ ಬಯಲು. ಗುಡ್ಡದ ಮೇಲೆ ಸಾಮಾನು ಹೊರುವ ಕಷ್ಟಕ್ಕೆ ಹೆಚ್ಚುವರಿ ಕೊಡುವುದು ನ್ಯಾಯವಾದರೆ, ನೆಲದೊಳಗೆ ಹನ್ನೆರಡು ಅಡಿ ಇಳಿಯಬೇಕಾದ ಎರೆಸೀಮೆಯ ಬಡವರಿಗೂ ಪಾಯದ ಮಟ್ಟಿಗಾದರೂ ಬೇರೆ ಮೊತ್ತ ಸಿಗಲೇಬೇಕು. ತಾಲ್ಲೂಕಿನ ಮಣ್ಣಿನ ನಕ್ಷೆ ಕೃಷಿ ಇಲಾಖೆಯ ಕೆಲಸಕ್ಕೆ ಮಾತ್ರವೆಂದು ಇರಬೇಕಿಲ್ಲ, ವಸತಿಯ ಅಂದಾಜುಪಟ್ಟಿಗೂ ಅದು ಬರಬಹುದು.

ಈಗಾಗಲೇ ಸೀಳಿದ ಮನೆಯವರು ಅವಸರದಲ್ಲಿ ಸಿಮೆಂಟು ಮೆತ್ತಬಾರದು. ಸೀಳಿನ ಅಡ್ಡಕ್ಕೆ ಒಂದು ಗೇಣು ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟಿನಿಂದ ಕೂರಿಸಿ ಪಕ್ಕದಲ್ಲಿ ತಾರೀಖು ಬರೆಯಬೇಕು. ಗಾಜು ಒಡೆದರೆ ಗೋಡೆ ಇನ್ನೂ ಓಡಾಡುತ್ತಿದೆ ಎಂದರ್ಥ. ಮೊದಲು ಸೋರುವ ಪೈಪು, ಚರಂಡಿ, ಇಳಿಜಾರು ಸರಿಪಡಿಸಿ ಒಂದು ಬೇಸಿಗೆ, ಒಂದು ಮಳೆಗಾಲ ಕಾದು ನೋಡಬೇಕು. ಗಾಜು ಅಖಂಡವಾಗಿ ಉಳಿದರೆ ಆಗ ಸೀಳನ್ನು ಅಗಲ ಕೆತ್ತಿ, ಜಾಳಿಗೆ ಹೊಡೆದು, ಗಿಲಾವು ಮಾಡಿಸಬಹುದು. ಮತ್ತೆ ಒಡೆದರೆ ಗೌಂಡಿಯ ಬದಲು ಎಂಜಿನಿಯರರನ್ನು ಕರೆಸಿ, ಮೂಲೆಯಲ್ಲಿ ಒಂದು ಗುಂಡಿ ತೆಗೆಸಿ, ಪಾಯದ ಬುಡವನ್ನೇ ನೋಡಿಸಬೇಕು.