ತಿಂಗಳ ಸರದಿಯ ತಲೆನೋವು

ತಲೆನೋವು ಯಾರಿಗೆ ಬಾರದು? ಬಿಸಿಲಲ್ಲಿ ತಿರುಗಿದವರಿಗೆ ಬರುತ್ತದೆ, ರಾತ್ರಿ ನಿದ್ದೆಗೆಟ್ಟವರಿಗೆ ಬರುತ್ತದೆ, ನೆಗಡಿಯಾದವರಿಗೆ ಬರುತ್ತದೆ. ಒಂದು ಲೋಟ ಬಿಸಿ ಕಾಫಿಗೋ, ಹಣೆಗೆ ತಿಕ್ಕಿದ ಒಂದಿಷ್ಟು ಮುಲಾಮಿಗೋ, ಒಂದು ಗಳಿಗೆಯ ನಿದ್ದೆಗೋ ಅದು ಇಳಿದುಹೋಗುತ್ತದೆ. ಆದರೆ ಮುಟ್ಟಿನ ದಿನಗಳ ಆಸುಪಾಸಿನಲ್ಲಿಯೇ, ತಿಂಗಳು ತಿಂಗಳೂ ಹೇಳಿ ಕಳುಹಿಸಿದಂತೆ ಬರುವ ಇನ್ನೊಂದು ತಲೆನೋವು ಉಂಟು. ಅದು ಬಂದಾಗ ತಲೆಯ ಒಂದು ಪಕ್ಕ ಸಿಡಿಯುತ್ತದೆ, ಬೆಳಕು ಬೇಡವಾಗುತ್ತದೆ, ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುತ್ತದೆ, ಎಂದಿನ ರೇಡಿಯೋ ಹಾಡು ಕೂಡ ಕಿವಿಗೆ ಕಠೋರವಾಗುತ್ತದೆ. ಕತ್ತಲ ಕೋಣೆಯಲ್ಲಿ ತಲೆಗೆ ಬಟ್ಟೆ ಬಿಗಿದುಕೊಂಡು ಮಲಗುವುದಲ್ಲದೆ ಬೇರೆ ದಾರಿ ಕಾಣದು. ನಮ್ಮ ಹಿರಿಯರು ಇದನ್ನು ಅರೆತಲೆನೋವು ಎಂದರು, ಆಯುರ್ವೇದದವರು ಅರ್ಧಾವಭೇದಕ ಎಂದರು, ಇಂದಿನ ವೈದ್ಯರು ಮೈಗ್ರೇನ್ ಎನ್ನುತ್ತಾರೆ. ಮುಟ್ಟಿನೊಡನೆ ಬರುವ ಈ ಮೈಗ್ರೇನಿನ ವಿಚಾರವಾಗಿ ನಾಲ್ಕು ಮಾತು ತಿಳಿಸುವುದು ಈ ಲೇಖನದ ಉದ್ದೇಶ.

ಈ ಬೇನೆಯನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮುಟ್ಟಿನ ಮಾತನ್ನು ಆಡಲು ಸಂಕೋಚ. ತಲೆನೋವಿನ ಮಾತನ್ನು ಆಡಿದರೆ ಕೆಲಸಗಳ್ಳತನವೆಂದು ತಿಳಿದಾರೆಂಬ ಅಂಜಿಕೆ. ಜ್ವರವಾದರೆ ಮೈ ಬಿಸಿಯಾಗುತ್ತದೆ, ಗಾಯವಾದರೆ ರಕ್ತ ಕಾಣುತ್ತದೆ. ಇದಕ್ಕೆ ಹೊರಗುರುತೇ ಇಲ್ಲ. "ಎಲ್ಲ ಹೆಂಗಸರಿಗೂ ಇರುವುದೇ, ಇವಳದೊಂದು ಅತಿಯಾಯಿತು" ಎಂಬ ಮಾತು ಮನೆಯಲ್ಲಿ ಕೇಳಿಬರುವುದುಂಟು. ಕೊನೆಗೆ ಅವಳೂ ಅದನ್ನೇ ನಂಬಿ, ಹಲ್ಲು ಕಚ್ಚಿಕೊಂಡು ದಿನ ತಳ್ಳುತ್ತಾಳೆ.

ಆದರೆ ಇದು ಒಬ್ಬಿಬ್ಬರ ಕಷ್ಟವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಬೆಂಗಳೂರು ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ಮನೆಮನೆಗೆ ಹೋಗಿ ೨,೩೨೯ ಮಂದಿಯನ್ನು ವಿಚಾರಿಸಿ, ೨೦೧೫ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಒಂದು ವರ್ಷದ ಅವಧಿಯಲ್ಲಿ ನೂರಕ್ಕೆ ಸುಮಾರು ೨೫ ಮಂದಿಗೆ, ಎಂದರೆ ನಾಲ್ವರಲ್ಲಿ ಒಬ್ಬರಿಗೆ, ಮೈಗ್ರೇನ್ ಬಂದಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇದು ಪೇಟೆಯ ನಾಜೂಕಿನವರ ಕಾಯಿಲೆ ಎಂಬ ಮಾತು ಇದರಿಂದ ಸುಳ್ಳಾಯಿತು. ಕಂಪ್ಲಿಯ ಗದ್ದೆಯಲ್ಲಿ ನಾಟಿಗೆ ಬಗ್ಗಿದವಳಿಗೂ, ಸಂಡೂರಿನ ಶಾಲೆಯಲ್ಲಿ ಪಾಠ ಹೇಳುವವಳಿಗೂ, ಹೊಸಪೇಟೆಯ ಕಚೇರಿಯಲ್ಲಿ ಕಡತ ಬರೆಯುವವಳಿಗೂ ಅದು ಒಂದೇ ತೆರನಾಗಿ ಬರಬಲ್ಲುದು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಚಿಕ್ಕ ವಯಸ್ಸಿನಲ್ಲಿ ಮೈಗ್ರೇನ್ ಹುಡುಗರಿಗೂ ಹುಡುಗಿಯರಿಗೂ ಹೆಚ್ಚುಕಡಿಮೆ ಸಮನಾಗಿಯೇ ಬರುತ್ತದೆ. ಹುಡುಗಿ ಮೈನೆರೆದ ಮೇಲೆ ತಕ್ಕಡಿ ವಾಲುತ್ತದೆ. ಪ್ರಾಯದಲ್ಲಿ ಗಂಡಸರಿಗಿಂತ ಹೆಂಗಸರಲ್ಲಿ ಅದು ಎರಡು ಮೂರು ಪಟ್ಟು ಹೆಚ್ಚಾಗುತ್ತದೆ. ಗರ್ಭಿಣಿಯಾಗಿರುವಾಗ ಅನೇಕರಿಗೆ ತಗ್ಗುತ್ತದೆ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಮತ್ತೆ ಕಾಡುತ್ತದೆ. ಪೂರ್ತಿ ನಿಂತ ಮೇಲೆ ಬಹುಮಂದಿಗೆ ಶಮನವಾಗುತ್ತದೆ. ಹೀಗೆ ಋತುಚಕ್ರದ ಜೊತೆಗೇ ಏರಿಳಿಯುವ ನೋವಿಗೆ ಕಾರಣವೂ ಆ ಚಕ್ರದಲ್ಲಿಯೇ ಇರಬೇಕಲ್ಲವೆ?

ನಮ್ಮ ದೇಹದೊಳಗಿನ ಗ್ರಂಥಿಗಳು ರಕ್ತಕ್ಕೆ ಬಿಡುವ ಚೋದಕ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಹೆಣ್ಣಿನ ಅಂಡಾಶಯದಿಂದ ಬರುವ ಇಂಥ ರಸಗಳಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಎಂಬ ಎರಡು ಮುಖ್ಯವಾದವು. ತಿಂಗಳ ನಡುವೆ ಇವು ಏರಿರುತ್ತವೆ. ಗರ್ಭ ನಿಲ್ಲದಿದ್ದರೆ ಮುಟ್ಟಿಗೆ ಮೊದಲ ಕೆಲವು ದಿನಗಳಲ್ಲಿ ಸರಸರನೆ ಇಳಿದುಬಿಡುತ್ತವೆ. ಇವೆರಡರಲ್ಲಿ ತಲೆನೋವಿಗೆ ಕಾರಣವಾದದ್ದು ಯಾವುದು? ಆಸ್ಟ್ರೇಲಿಯದ ಸೋಮರ್‌ವಿಲ್ ಎಂಬ ವೈದ್ಯರು ೧೯೭೧-೭೨ರಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಮುಟ್ಟಿಗೆ ಮುಂಚೆ ಪ್ರೊಜೆಸ್ಟರೋನ್ ಕೊಟ್ಟಾಗ ಸ್ರಾವ ಮುಂದಕ್ಕೆ ಹೋಯಿತು, ತಲೆನೋವು ಮಾತ್ರ ಸಾಮಾನ್ಯವಾಗಿ ತನ್ನ ವೇಳೆಗೇ ಬಂದಿತು. ಈಸ್ಟ್ರೋಜನ್ ಸೂಜಿಮದ್ದು ಕೊಟ್ಟಾಗ ಸ್ರಾವ ತನ್ನ ವೇಳೆಗೆ ಆಯಿತು, ತಲೆನೋವು ಕೆಲವು ದಿನ ತಡವಾಯಿತು. ನೋವನ್ನು ಎಬ್ಬಿಸುವುದು ಈಸ್ಟ್ರೋಜನ್ ಇಳಿಯುವ ಆ ಇಳಿತವೇ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷಿಯಾಯಿತು. ಇದರ ಜೊತೆಗೆ, ಸ್ರಾವ ತೊಡಗುವಾಗ ಗರ್ಭಕೋಶದ ಒಳಪದರದಿಂದ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹೊರಬೀಳುತ್ತವೆ. ಕಿಬ್ಬೊಟ್ಟೆಯ ನೋವಿಗೆ ಇವೇ ಕಾರಣ. ತಲೆಯ ನೋವಿಗೂ ಇವು ತಮ್ಮ ಪಾಲು ಕೊಡುತ್ತವೆ. ಹುಟ್ಟಿನಿಂದಲೇ ಸೂಕ್ಷ್ಮವಾದ ನರಮಂಡಲವುಳ್ಳವರಿಗೆ ಈ ಇಳಿತ ತಾಳದು. ಮನೆತನದಲ್ಲಿ ತಾಯಿಗೋ ಅಜ್ಜಿಗೋ ಇದ್ದ ಬೇನೆ ಮಗಳಿಗೂ ಬರುವುದು ಆದ್ದರಿಂದಲೇ. ಇದು ಮನಸ್ಸಿನ ಕಲ್ಪನೆಯಲ್ಲ, ಯಾರ ದೃಷ್ಟಿಯೂ ಅಲ್ಲ, ಮಡಿಮೈಲಿಗೆಯ ಫಲವೂ ಅಲ್ಲ.

ಇನ್ನು ಉಪಾಯದ ಮಾತು. ಈ ತಲೆನೋವಿನಲ್ಲಿ ಒಂದು ಅನುಕೂಲವುಂಟು: ಅದು ಯಾವಾಗ ಬರುತ್ತದೆಂಬುದನ್ನು ಮೊದಲೇ ಅರಿಯಬಹುದು. ಹಾಗೆ ಅರಿಯಲು ಬೇಕಾದ ಸಾಧನ ನಮ್ಮ ಮನೆಗಳ ಗೋಡೆಯ ಮೇಲೆಯೇ ಇದೆ. ಹಾಲಿನ ಲೆಕ್ಕ, ಗ್ಯಾಸ್ ತಂದ ದಿನ, ಚೀಟಿಯ ಕಂತು ಎಲ್ಲವನ್ನೂ ಗುರುತುಹಾಕುವ ತೂಗುಪಂಚಾಂಗದಲ್ಲಿ ಇನ್ನೆರಡು ಗುರುತು ಹಾಕಿರಿ. ಮುಟ್ಟು ಕಾಣಿಸಿದ ದಿನಕ್ಕೆ ಒಂದು ಸೊನ್ನೆ; ತಲೆನೋವು ಬಂದ ದಿನಕ್ಕೆ ಒಂದು ಗೀಟು. ನುಂಗಿದ ಗುಳಿಗೆಗೆ ಒಂದು ಚುಕ್ಕೆ ಇಟ್ಟರೆ ಇನ್ನೂ ಮೇಲು. ಗೋಡೆಯ ಮೇಲೆ ಬರೆಯಲು ಸಂಕೋಚವಾದರೆ ಮಗಳ ಹಳೆಯ ನೋಟುಪುಸ್ತಕವೊಂದು ಸಾಕು.

ಮೂರು ತಿಂಗಳು ಹೀಗೆ ಬರೆದು ನೋಡಿ. ಮುಟ್ಟಿನ ಮೊದಲ ದಿನದ ಎರಡು ದಿನ ಮುಂಚಿನಿಂದ ಹಿಡಿದು ಮೂರನೆಯ ದಿನದವರೆಗೆ ಒಟ್ಟು ಐದು ದಿನಗಳಾಗುತ್ತವೆ. ಮೂರು ತಿಂಗಳಲ್ಲಿ ಎರಡು ತಿಂಗಳಾದರೂ ಗೀಟು ಈ ಐದು ದಿನಗಳೊಳಗೆ ಬಿದ್ದಿದ್ದರೆ ಅದನ್ನು ವೈದ್ಯರು ಮುಟ್ಟಿನ ಮೈಗ್ರೇನ್ ಎಂದು ಪರಿಗಣಿಸುತ್ತಾರೆ. ಗೀಟುಗಳು ತಿಂಗಳಿಡೀ ಚೆಲ್ಲಿಹೋಗಿದ್ದರೆ ಕಾರಣ ಬೇರೆ ಇರಬಹುದು: ರಕ್ತಹೀನತೆ, ಕಣ್ಣಿನ ದೋಷ, ರಕ್ತದೊತ್ತಡ. ಕೆಲವರು ಅಮಾವಾಸ್ಯೆ ಹುಣ್ಣಿಮೆಗೆ ನೋವು ಬರುತ್ತದೆಂದು ಹೇಳುತ್ತಾರೆ. ಹಾಳೆಯ ಮೇಲೆ ಅಮಾವಾಸ್ಯೆಯೂ ಅಚ್ಚಾಗಿದೆ, ನಿಮ್ಮ ಗೀಟೂ ಇದೆ. ಎರಡನ್ನೂ ತಾಳೆಹಾಕಿ ನೀವೇ ತೀರ್ಮಾನಿಸಬಹುದು. ಆರೋಗ್ಯವಂತೆಯ ಚಕ್ರ ೨೧ ದಿನವೂ ಆಗಬಹುದು, ೩೫ ದಿನವೂ ಆಗಬಹುದು. ಚಂದ್ರನ ಲೆಕ್ಕ ಅದಕ್ಕೆ ಕಟ್ಟಿಲ್ಲ.

ದಿನ ತಿಳಿದ ಮೇಲೆ ಆ ವಾರವನ್ನು ನಾಜೂಕಾಗಿ ನಡೆಸಬೇಕು. ಈ ನರಮಂಡಲಕ್ಕೆ ಏರುಪೇರು ಆಗದು. ಈಸ್ಟ್ರೋಜನ್ ಇಳಿಯುವುದನ್ನು ನಾವು ತಡೆಯಲಾರೆವು. ಅದರ ಮೇಲೆ ಉಪವಾಸ, ನಿದ್ದೆಗೇಡು, ಬಿಸಿಲುಗಳನ್ನು ಹೇರದಿರಬಹುದು. ಮನೆಯವರೆಲ್ಲ ಉಂಡ ಮೇಲೆ ಎರಡು ಗಂಟೆಗೆ ತಟ್ಟೆಗೆ ಕೂರುವ ಗೃಹಿಣಿ ಆ ವಾರವಾದರೂ ಬೆಳಗಿನ ಉಪಾಹಾರ ಬಿಡಬಾರದು. ಒಂದು ರೊಟ್ಟಿಯಾಗಲಿ, ಒಂದು ಹಿಡಿ ಮಂಡಕ್ಕಿ ಒಗ್ಗರಣೆಯಾಗಲಿ ಹೊತ್ತಿಗೆ ಸರಿಯಾಗಿ ಹೊಟ್ಟೆ ಸೇರಬೇಕು. ಶ್ರಾವಣದ ಸೋಮವಾರವೋ ಏಕಾದಶಿಯೋ ಆ ದಿನಗಳಲ್ಲಿ ಬಿದ್ದರೆ ಹಾಲು ಹಣ್ಣುಗಳನ್ನು ತೆಗೆದುಕೊಂಡು ವ್ರತ ನಡೆಸುವುದು ಲೇಸು. ನಮ್ಮ ಹೊಸಪೇಟೆಯ ಬೇಸಗೆ ಎಂಥದೆಂದು ಹೇಳಬೇಕಾಗಿಲ್ಲ. ಚೈತ್ರದಲ್ಲಿ ಹಂಪಿಯ ತೇರಿಗೆ ಹೋದವರಿಗೆ ಬಂಡೆಯಿಂದ ಎದ್ದ ಝಳವೂ ಕಣ್ಣು ಕುಕ್ಕುವ ಬೆಳಕೂ ಗೊತ್ತು. ಹೊರಡುವವರು ಕೊಡೆ, ನೀರು, ಉಪ್ಪು ಬೆರೆಸಿದ ಮಜ್ಜಿಗೆ ಜೊತೆಗಿಟ್ಟುಕೊಳ್ಳಬೇಕು. ಕಾಫಿ ಚಹಗಳನ್ನು ಒಮ್ಮೆಗೇ ನಿಲ್ಲಿಸುವುದೂ ಬೇಡ, ಹೆಚ್ಚಿಸುವುದೂ ಬೇಡ.

"ನಿನ್ನೆ ಸಿಹಿ ತಿಂದೆ, ಇಂದು ತಲೆ ಹಿಡಿಯಿತು" ಎಂದು ತಿಂಡಿಯನ್ನು ದೂರುವವರಿದ್ದಾರೆ. ಎಷ್ಟೋ ವೇಳೆ ಇದು ತಲೆಕೆಳಗಾದ ಲೆಕ್ಕ. ನೋವು ಶುರುವಾಗುವ ಹಿಂದಿನ ದಿನವೇ ಮೈಗ್ರೇನ್ ಒಳಗೊಳಗೆ ತೊಡಗಿರುತ್ತದೆ. ಆಕಳಿಕೆ, ಬೇಸರ, ಸಿಹಿಯ ಆಸೆ ಇವೆಲ್ಲ ಅದರ ಮುನ್ಸೂಚನೆಗಳು. ಇಂಥ ಸೂಚನೆಗಳನ್ನು ಕಂಡುಕೊಂಡವಳು ಮೊದಲೇ ಎಚ್ಚರಗೊಳ್ಳಬಲ್ಲಳು.

ಔಷಧದ ವಿಷಯದಲ್ಲಿ ಎರಡು ತಪ್ಪುಗಳು ಸಾಮಾನ್ಯ. ಒಂದು, ತಾಳಿದಷ್ಟೂ ತಾಳಿ, ವಾಂತಿ ಶುರುವಾದ ಮೇಲೆ ಗುಳಿಗೆ ನುಂಗುವುದು. ಆಗ ಹೊಟ್ಟೆಯ ಕೆಲಸವೇ ನಿಧಾನವಾಗಿರುವುದರಿಂದ ಗುಳಿಗೆ ಮೈಗೆ ಹತ್ತುವುದಿಲ್ಲ. ನೋವು ಸಣ್ಣದಿರುವಾಗಲೇ ತೆಗೆದುಕೊಂಡ ಮದ್ದು ಬೇಗ ಕೆಲಸ ಮಾಡುತ್ತದೆ. ನ್ಯಾಪ್ರೊಕ್ಸೆನ್, ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲಗಳು ಪ್ರೊಸ್ಟಗ್ಲಾಂಡಿನ್ ದ್ರವ್ಯಗಳನ್ನು ತಗ್ಗಿಸುವುದರಿಂದ ಕಿಬ್ಬೊಟ್ಟೆಯ ನೋವಿಗೂ ತಲೆನೋವಿಗೂ ಒದಗುತ್ತವೆ. ಏನಾದರೂ ತಿಂದ ಮೇಲೆ ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಉಬ್ಬಸ ಇರುವವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಇವಕ್ಕೆ ಬಗ್ಗದ ನೋವಿಗೆ ಸುಮಾಟ್ರಿಪ್ಟಾನ್, ರಿಜಾಟ್ರಿಪ್ಟಾನ್ ಮೊದಲಾದ ಮೈಗ್ರೇನಿನದೇ ಮದ್ದುಗಳಿವೆ. ಹೃದ್ರೋಗ ಇರುವವರಿಗೆ ಅವು ಸಲ್ಲವು. ಮುಟ್ಟು ಲೆಕ್ಕಕ್ಕೆ ಸರಿಯಾಗಿ ಬರುವವರಿಗೆ, ಎರಡು ದಿನ ಮುಂಚಿತವಾಗಿಯೇ ಆರಂಭಿಸಿ ಐದಾರು ದಿನ ಮಾತ್ರ ಮದ್ದು ಕೊಟ್ಟು ನೋವು ಬಾರದಂತೆ ನೋಡಿಕೊಳ್ಳುವ ಪದ್ಧತಿಯೂ ಉಂಟು. ತೂಗುಪಂಚಾಂಗದ ಹಾಳೆಗಳನ್ನು ಕಂಡರೆ ವೈದ್ಯರು ಇದನ್ನು ಸುಲಭವಾಗಿ ಗೊತ್ತುಮಾಡುತ್ತಾರೆ.

ಎರಡನೆಯ ತಪ್ಪು, ಅಂಗಡಿಯಿಂದ ತರಿಸಿದ ಗುಳಿಗೆಯನ್ನು ದಿನವೂ ನುಂಗುವುದು. ತಿಂಗಳಲ್ಲಿ ೧೫ ದಿನಕ್ಕೂ ಹೆಚ್ಚು ಸಾಧಾರಣ ನೋವಿನ ಗುಳಿಗೆ, ಅಥವಾ ೧೦ ದಿನಕ್ಕೂ ಹೆಚ್ಚು ಹಲವು ಮದ್ದು ಬೆರೆಸಿದ ಗುಳಿಗೆ, ಹೀಗೆ ಮೂರು ತಿಂಗಳು ದಾಟಿದರೆ ಗುಳಿಗೆಯೇ ತಲೆನೋವಿಗೆ ಕಾರಣವಾಗತೊಡಗುತ್ತದೆ. ತಿಂಗಳಿಗೆ ಮೂರು ದಿನವಿದ್ದ ನೋವು ದಿನನಿತ್ಯದ್ದಾಗುವುದು ಹಲವೊಮ್ಮೆ ಈ ದಾರಿಯಿಂದಲೇ. ಚುಕ್ಕೆ ಇಡಬೇಕೆಂದು ಮೇಲೆ ಹೇಳಿದ್ದು ಇದಕ್ಕಾಗಿ.

ಇನ್ನೊಂದು ಎಚ್ಚರಿಕೆಯನ್ನು ಮರೆಯಬಾರದು. ಕೆಲವರಿಗೆ ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕಾದ ಮಿಂಚುಗೆರೆಗಳು ಕುಣಿಯುತ್ತವೆ, ನೋಟದಲ್ಲಿ ಒಂದು ಭಾಗ ಮಸುಕಾಗುತ್ತದೆ, ಕೈ ತುಟಿಗಳು ಜೋಮುಹಿಡಿಯುತ್ತವೆ; ಗಂಟೆಯೊಳಗೆ ಅದು ಸರಿಯುತ್ತದೆ. ಇಂಥವರು ಈಸ್ಟ್ರೋಜನ್ ಬೆರೆತ ಗರ್ಭನಿರೋಧ ಗುಳಿಗೆಯನ್ನು ನುಂಗಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಹಬ್ಬ, ಮದುವೆ, ಹುಲಿಗೆಮ್ಮನ ಜಾತ್ರೆ ಬಂದಿತೆಂದು ಮುಟ್ಟನ್ನು ಮುಂದೂಡುವ ಗುಳಿಗೆಯನ್ನು ನೆರೆಯವರ ಮಾತು ಕೇಳಿ ತರಿಸುವ ರೂಢಿ ನಮ್ಮಲ್ಲಿದೆ. ಹಾರ್ಮೋನಿನ ಯಾವ ಗುಳಿಗೆಯನ್ನೂ ವೈದ್ಯರಿಗೆ ಈ ಮಿಂಚುಗೆರೆಗಳ ವಿಷಯ ತಿಳಿಸದೆ ತೆಗೆದುಕೊಳ್ಳಕೂಡದು.

ಹಿಂದೆಂದೂ ಕಾಣದಂಥ ನೋವು ಸಿಡಿಲಿನಂತೆ ಒಮ್ಮೆಗೇ ಬಂದರೆ, ಜ್ವರದೊಡನೆ ಕುತ್ತಿಗೆ ಸೆಟೆದರೆ, ಕೈಕಾಲು ಸೋತರೆ, ಮಾತು ತೊದಲಿದರೆ, ಮೂರ್ಛೆ ಬಂದರೆ, ಗರ್ಭಿಣಿಗೋ ಬಾಣಂತಿಗೋ ಹೊಸದಾಗಿ ತಲೆನೋವು ತೊಡಗಿದರೆ, ಐವತ್ತು ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕು. ಉಳಿದಂತೆ ಇದಕ್ಕಾಗಿ ದೂರ ಓಡಬೇಕಾಗಿಲ್ಲ. ಊರಿನ ಸರ್ಕಾರಿ ಆಸ್ಪತ್ರೆಯ ವೈದ್ಯರೇ ಆರಂಭದ ಚಿಕಿತ್ಸೆ ನೀಡಬಲ್ಲರು; ಅಗತ್ಯ ಬಿದ್ದರೆ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕಳುಹಿಸುತ್ತಾರೆ. ೨೦೨೨ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಕೂಡಿ ಆರಂಭಿಸಿದ ಮೆದುಳು ಆರೋಗ್ಯ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗಗಳ ಸಾಲಿನಲ್ಲಿ ತಲೆನೋವನ್ನೂ ಸೇರಿಸಿದ್ದಾರೆಂಬುದು ಸಮಾಧಾನದ ಸಂಗತಿ.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ೨೦೨೫ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟವು ಉದ್ಯೋಗಸ್ಥ ಮಹಿಳೆಯರಿಗೆ ವರ್ಷಕ್ಕೆ ೧೨ ದಿನ, ತಿಂಗಳಿಗೊಂದರಂತೆ, ಸಂಬಳಸಹಿತವಾದ ಋತುಚಕ್ರ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಆದರೆ ದಿನಗೂಲಿಗೆ ಹೋಗುವವಳಿಗೆ ರಜೆ ಹಾಕಲು ಹಾಜರಿ ಪುಸ್ತಕವಿಲ್ಲ. ಮನೆಯಲ್ಲಿ ದುಡಿಯುವ ಗೃಹಿಣಿಗೆ ರಜೆ ಕೊಡಲು ಮೇಲಧಿಕಾರಿಯೂ ಇಲ್ಲ. ಅವಳ ರಜೆ ಮನೆಯವರ ಕೈಯಲ್ಲಿಯೇ ಇದೆ. ಹಾಳೆಯ ಮೇಲಿನ ಗುರುತನ್ನು ಯಜಮಾನರೂ ನೋಡಲಿ. ಆ ಎರಡು ದಿನ ಒಲೆಯ ಮುಂದೆ ಅವರು ನಿಲ್ಲಲಿ, ಅತ್ತೆಯವರು ಕಿಟಕಿಯ ಪರದೆ ಎಳೆಯಲಿ, ಮಕ್ಕಳು ರೇಡಿಯೋದ ಸದ್ದು ತಗ್ಗಿಸಲಿ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವ ಮಗಳಿದ್ದರೆ, ತಾಯಿ ಎರಡು ಮೂರು ತಿಂಗಳ ಮುಂಚೆಯೇ ಅವಳ ಕೈಗೆ ಪೆನ್ಸಿಲು ಕೊಟ್ಟು ಈ ಲೆಕ್ಕ ಇಡುವುದನ್ನು ಕಲಿಸಲಿ. ಪರೀಕ್ಷೆಯ ವಾರದಲ್ಲಿ ನೋವು ಬರುವ ಸಂಭವವಿದೆಯೆಂದು ಮೊದಲೇ ತಿಳಿದರೆ ವೈದ್ಯರಿಂದ ತಕ್ಕ ಏರ್ಪಾಡು ಮಾಡಿಸಬಹುದು. ತಿಳಿಯದಿದ್ದರೆ ಒಂದು ವರ್ಷದ ಓದು ಒಂದು ಬೆಳಗಿನ ತಲೆನೋವಿಗೆ ಬಲಿಯಾದೀತು.