ಕಾರಿಗೆ ಪಿವಿಸಿ ಪೈಪ್ ಜೋಡಿಸಿದರೆ ಮೈಲೇಜ್ ಹೆಚ್ಚುತ್ತದೆಯೇ?

ಇಂಥದ್ದೊಂದು ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಕಂಪನಿಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಹಾರ್ಡ್‌ವೇರ್ ಅಂಗಡಿಯ ಪಿವಿಸಿ ಪೈಪ್ ಜೋಡಿಸಿ, ಅದರ ಬಾಯನ್ನು ಬಂಪರ್ ಕೆಳಗೆ ಇಳಿಸುತ್ತಾರೆ. ತಂಪು ಗಾಳಿ ನೇರ ಎಂಜಿನ್‌ಗೆ ಹೋಗುತ್ತದೆ, ಪಿಕಪ್ ಮತ್ತು ಮೈಲೇಜ್ ಎರಡೂ ಏರುತ್ತವೆ ಎಂಬುದು ಅದರ ಹೇಳಿಕೆ.

ಇದರಲ್ಲಿ ಅರ್ಧ ಸತ್ಯವಿದೆ. ತಂಪು ಗಾಳಿ ದಟ್ಟವಾಗಿರುತ್ತದೆ. ಬಾನೆಟ್ ಒಳಗಿನ 60 ಡಿಗ್ರಿಯ ಗಾಳಿ, ಹೊರಗಿನ 35 ಡಿಗ್ರಿಯ ಗಾಳಿಗಿಂತ ಸುಮಾರು ಶೇ 7ರಷ್ಟು ಹಗುರ. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿದಾಗ ದಟ್ಟ ಗಾಳಿಯಿಂದ ಶಕ್ತಿ ತುಸು ಹೆಚ್ಚುವುದು ನಿಜ.

ಆದರೆ ಮೈಲೇಜ್? ಹುಬ್ಬಳ್ಳಿ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಿದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ ಅಷ್ಟೇ, ಶೇ 7ರಷ್ಟು, ಏರಿರುತ್ತದೆ. ಅಂಕೋಲಾದ ಸಪಾಟು ರಸ್ತೆಗೆ ಬಂದ ಕೂಡಲೇ ಮೈಲೇಜ್ ಜಿಗಿಯಿತು ಎಂದು ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಕಾರಣ ಸರಳ. ಈಗಿನ ಕಾರಿನಲ್ಲಿ ಸೆನ್ಸರ್ ಗಾಳಿಯನ್ನು ಅಳೆಯುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕ ಪೆಟ್ರೋಲ್ ಬಿಡುತ್ತದೆ. ಲೆಕ್ಕ, ಒಂದು ಗ್ರಾಂ ಪೆಟ್ರೋಲ್‌ಗೆ ಸುಮಾರು 14.7 ಗ್ರಾಂ ಗಾಳಿ. ಗಾಳಿ ಹೆಚ್ಚು ಹೋದರೆ ಪೆಟ್ರೋಲೂ ಹೆಚ್ಚು ಹೋಗುತ್ತದೆ. ನೀವು ಅದೇ 60ರ ವೇಗದಲ್ಲಿ ಹೋಗಬೇಕೆಂದರೆ ಕಾಲನ್ನು ತುಸು ಸಡಿಲಿಸುತ್ತೀರಿ, ಅಷ್ಟೇ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಕಾರುಗಳ ಫಿಲ್ಟರನ್ನೇ ಕಟ್ಟಿಸಿ ನೋಡಿತ್ತು. ಆಗಲೂ ಫ್ಯೂಯಲ್ ಇಂಜೆಕ್ಷನ್ ಇರುವ ಕಾರುಗಳ ಮೈಲೇಜ್ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ, ಪಿಕಪ್ ಮಾತ್ರ ಕುಂದಿತು. ಹಳೆಯ ಕಾರ್ಬ್ಯುರೇಟರ್ ಕಾರುಗಳ ಕಥೆ ಬೇರೆ.

ಇನ್ನೊಂದು ವಿಷಯ. ಬಾನೆಟ್ ಎತ್ತಿ ಫಿಲ್ಟರ್ ಡಬ್ಬಿಯಿಂದ ಹೊರಟ ಕೊಳವೆಯನ್ನು ಹಿಂಬಾಲಿಸಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಅದರ ಬಾಯಿ ಗ್ರಿಲ್ ಹಿಂದೆಯೋ ಮಡ್‌ಗಾರ್ಡ್ ಸಂದಿಯಲ್ಲೋ ಇರುತ್ತದೆ. ಅಂದರೆ ಕಂಪನಿಯೇ ಹೊರಗಿನ ಗಾಳಿ ಕೊಟ್ಟಿದೆ! ಫಿಲ್ಟರನ್ನು ಡಬ್ಬಿಯಿಂದ ತೆಗೆದು ಬಾನೆಟ್ ಒಳಗೆ ಬರಿದೇ ಕೂರಿಸಿದವರು ಬಿಸಿ ಗಾಳಿಯನ್ನೇ ಹೀರಿಸುತ್ತಿರುತ್ತಾರೆ. ಸದ್ದು ಜೋರಾಗುವುದರಿಂದ ಕಾರು ಚುರುಕಾಯಿತು ಅನಿಸುತ್ತದೆ. ಟರ್ಬೊ ಡೀಸೆಲ್‌ನಲ್ಲಂತೂ ಗಾಳಿ ತಣಿಸಲು ಇಂಟರ್‌ಕೂಲರ್ ಮೊದಲೇ ಇದೆ.

ಇಷ್ಟಾದರೂ ಮಾಡಿಯೇ ನೋಡಬೇಕು ಅನ್ನುವವರು ಫಿಲ್ಟರ್‌ಗಿಂತ ಮುಂಚಿನ ಕೊಳವೆಯನ್ನಷ್ಟೇ ಮುಟ್ಟಬೇಕು. ಫಿಲ್ಟರ್ ಮತ್ತು ಥ್ರಾಟಲ್ ನಡುವೆ ಕೈ ಹಾಕಿದರೆ ಸೆನ್ಸರ್ ಲೆಕ್ಕ ತಪ್ಪುತ್ತದೆ. ಅಲ್ಲಿ ಸಣ್ಣ ಸಂದಿ ಉಳಿದರೂ ನಮ್ಮೂರ ಧೂಳು ಸೋಸದೆ ಒಳಹೋಗಿ ಸಿಲಿಂಡರ್ ಗೋಡೆಯನ್ನು ಉಜ್ಜುತ್ತದೆ. ಪಿವಿಸಿ 80 ಡಿಗ್ರಿ ಹೊತ್ತಿಗೆ ಮೆತ್ತಗಾಗುತ್ತದೆ, ಎಕ್ಸಾಸ್ಟ್ ಹತ್ತಿರ ಬೇಡವೇ ಬೇಡ. ಕೊಳವೆಯ ಬಾಯಿ ಕಂಪನಿಯದ್ದಕ್ಕಿಂತ ಕಿರಿದಾಗಬಾರದು, ಕೆಳಗಂತೂ ಇಳಿಯಲೇಬಾರದು.

ಈ ಕೊನೆಯದೇ ದೊಡ್ಡ ಅಪಾಯ. 1.2 ಲೀಟರ್‌ನ ನಾಲ್ಕು ಸಿಲಿಂಡರ್ ಎಂಜಿನ್ ತಗೊಳ್ಳಿ. ಒಂದು ಸಿಲಿಂಡರ್‌ಗೆ 300 ಮಿಲಿ. 10:1 ಕಂಪ್ರೆಶನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 33 ಮಿಲಿ, ಎರಡು ದೊಡ್ಡ ಚಮಚದಷ್ಟು. ಅದಕ್ಕಿಂತ ಹೆಚ್ಚು ನೀರು ಒಳಬಂದರೆ, ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ತಡೆದು ನಿಲ್ಲುತ್ತದೆ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಜುಲೈ ಮಳೆಯಲ್ಲಿ ರೈಲ್ವೆ ಕೆಳಸೇತುವೆಯಡಿ ನಿಂತ ಮೊಣಕಾಲುದ್ದ ನೀರಿಗೆ ಬಂಪರ್ ಕೆಳಗಿನ ಪೈಪ್ ಸ್ಟ್ರಾ ಇದ್ದಂತೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇಲ್ಲದ ವಿಮೆಯಲ್ಲಿ ಈ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ.

ನೀರಿನಲ್ಲಿ ಕಾರು ಬಂದ್ ಬಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ತಳ್ಳಿಸಿ ಪಕ್ಕಕ್ಕೆ ತನ್ನಿ. ಮೆಕ್ಯಾನಿಕ್ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿ, ಸಿಲಿಂಡರ್‌ನಲ್ಲಿ ನೀರಿದ್ದರೆ ಹೊರಹಾಕಿದ ಮೇಲೆಯೇ ಸ್ಟಾರ್ಟ್ ಮಾಡಿ.